ತೀರ್ಥದಲ್ಲಿ ಸಿಕ್ಕ ಮಣ್ಣು

ಹೋದ ತಿಂಗಳು ನಮ್ಮ ಹಳೆಯ ಕಚೇರಿಗೆ ಹೊಸದಾಗಿ ಸೇರಿದ ಇಬ್ಬರು ಹುಡುಗಿಯರು ತ್ಯಾಗರಾಜನಗರದ ನಮ್ಮ ಮನೆಗೆ ಬಂದಿದ್ದರು. ಉಪ್ಪಿಟ್ಟು ತಿಂದರು, ಕಾಫಿ ಕುಡಿದರು. ಆಮೇಲೆ ಒಬ್ಬಳು ಸಂಕೋಚದಿಂದ ಕೇಳಿದಳು: ಮೇಡಂ, ಕೈಪಿಡಿ ಎಲ್ಲಾ ಓದಿದ್ವಿ, ಆದ್ರೂ ಕೆರೆ ಏರಿ ಮೇಲೆ ಹೋಗಿ ನಿಂತಾಗ ಏನು ನೋಡಬೇಕು ಅಂತಾನೇ ಗೊತ್ತಾಗಲ್ಲ. ಆಗ ಬಾಯಲ್ಲಿ ಏನೋ ಒಂದಷ್ಟು ಹೇಳಿ ಕಳಿಸಿದೆ. ಅವರು ಹೋದ ಮೇಲೆ ಸಮಾಧಾನ ಆಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಒಲೆ ಮೇಲೆ ಬೇಳೆ ಇದೆ, ನಡುವೆ ಎದ್ದು ಹೋದರೆ ಬರವಣಿಗೆಯಲ್ಲಿ ಗೊತ್ತಾಗಬಹುದು, ಕ್ಷಮಿಸಿ.

ನಾನು ಮೊದಲು ಗೃಹಿಣಿ, ಆಮೇಲೆ ಎಂಜಿನಿಯರು. ಡಿಪ್ಲೊಮಾ ಮಾಡಿಕೊಂಡು ಮದುವೆಯಾಗಿ, ಮಕ್ಕಳು ಸ್ಕೂಲಿಗೆ ಹೋಗುವಂತಾದ ಮೇಲೆ ಕೆಲಸಕ್ಕೆ ಸೇರಿದವಳು. ಬೆಳಿಗ್ಗೆ ದೇವರಿಗೆ ದೀಪ ಹಚ್ಚಿ, ಎಲ್ಲರ ಡಬ್ಬಿ ಕಟ್ಟಿ, ಸೀರೆ ಸೆರಗು ಸಿಕ್ಕಿಸಿಕೊಂಡು ಬಸ್ಸಿಗೆ ಓಡುತ್ತಿದ್ದೆ. ಬಡ್ತಿಯ ವಿಷಯ ಬರೆಯುವುದಿಲ್ಲ. ತಡವಾಗಿ ಬಂತು, ಬಂತಲ್ಲ, ಅಷ್ಟು ಸಾಕು. ಊರಿನ ಸಣ್ಣಪುಟ್ಟ ಕೆರೆಗಳ ಏರಿ, ಅಂದರೆ ನೀರನ್ನು ತಡೆದು ನಿಲ್ಲಿಸಿರುವ ಮಣ್ಣಿನ ಅಣೆಕಟ್ಟು, ಗಟ್ಟಿಯಾಗಿದೆಯಾ ಅಂತ ನೋಡಿ ಬರುವುದು ನಮ್ಮ ಕೆಲಸ. ಯಾರಾದರೂ ಕೇಳಿದರೆ ಕೆರೆ ಕಟ್ಟೆ ನೋಡ್ಕೊಂಡು ಬರ್ತೀನಿ ಅನ್ನುತ್ತಿದ್ದೆ. ನಮ್ಮ ಅತ್ತೆಯವರಿಗಂತೂ ಕೊನೆವರೆಗೂ ಅದು ಕೆಲಸ ಅಂತಲೇ ಅನ್ನಿಸಲಿಲ್ಲ. ಸಂಬಳ ಕೊಟ್ಟು ಕೆರೆ ನೋಡಿಸ್ತಾರಾ ಅಂತ ಬಂದವರ ಮುಂದೆಲ್ಲ ನಗುತ್ತಿದ್ದರು.

ನನ್ನ ಮೊದಲ ಮೇಲಧಿಕಾರಿ ಶ್ರೀಕಂಠಯ್ಯನವರು. ಸಿಡುಕಿನ ಮನುಷ್ಯ. ಮೊದಲ ದಿನ ನಾನು ಏರಿಯ ಮೇಲಿನ ದಾರಿಯಲ್ಲಿ ನೀಟಾಗಿ ನಡೆದುಕೊಂಡು ಹೋಗಿ ವಾಪಸು ಬಂದು ಎಲ್ಲಾ ಚೆನ್ನಾಗಿದೆ ಸಾರ್ ಅಂದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು, “ಮೇಲೆ ವಾಕಿಂಗ್ ಮಾಡೋಕೆ ಊರಿನ ಜನ ಇದ್ದಾರಮ್ಮ. ನಿಮಗೆ ಸಂಬಳ ಕೊಡೋದು ಹಿಂದುಗಡೆ ಇಳಿಯೋಕೆ” ಅಂದರು. ಹಿಂದುಗಡೆ ಅಂದರೆ ನೀರಿಲ್ಲದ ಕಡೆ, ಏರಿಯ ಬೆನ್ನು. ಅಲ್ಲಿ ಕಸ, ಮುಳ್ಳು, ಒಡೆದ ಬಾಟಲಿ, ಮರಿ ಹಾಕಿದ ನಾಯಿಗಳು. ಇಳಿದೆ. ಒಂದು ಕಡೆ ಒದ್ದೆ ಕಂಡು ಗಾಬರಿಯಾದೆ. ಅವರು ಹೇಳಿದ್ದು ಇಷ್ಟೇ: ಮಣ್ಣಿನ ಏರಿ ಬೆವರುತ್ತೆ, ಬೆವರಿಗೆ ಹೆದರಬೇಡಿ, ಬಣ್ಣ ನೋಡಿ. ನೀರು ತಿಳಿಯಾಗಿದ್ದರೆ ನೀರು ಮಾತ್ರ ಬರುತ್ತಿದೆ. ಕದಡಿದ್ದರೆ ಏರಿಯೇ ಒಳಗಿಂದ ಕರಗಿ ಹೊರಗೆ ಬರುತ್ತಿದೆ ಅಂತ ಅರ್ಥ. ಹೊರಗಿಂದ ನೋಡಿದರೆ ಏರಿ ಹಾಗೇ ಇರುತ್ತದೆ, ಒಳಗೆ ದಾರಿ ಕೊರೆದಿರುತ್ತದೆ. ಒಂದು ದಿನ ಕೂತಲ್ಲೇ ಕುಸಿಯುತ್ತದೆ.

ಎಡವಟ್ಟಿನ ಕಥೆಯೊಂದನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ಅದು ನನ್ನ ಕಾಲಿಗೆ ತೊಡರಿಕೊಂಡಿತು. ಕತ್ರಿಗುಪ್ಪೆ ಕಡೆಯ ಒಂದು ಸಣ್ಣ ಕಟ್ಟೆಯ ಹಿಂದೆ ದೊಡ್ಡದಾಗಿ ತೇವ ಹರಡಿದ್ದನ್ನು ಕಂಡು ಎಲ್ಲರನ್ನೂ ಎಬ್ಬಿಸಿದೆ. ಲಾರಿಯಲ್ಲಿ ಮರಳು ಮೂಟೆ ಬಂತು, ಪೊಲೀಸರು ಬಂದರು, ಜನ ಸೇರಿದರು. ಎಲ್ಲ ಆದ ಮೇಲೆ ಪಕ್ಕದ ಮನೆಯಿಂದ ಲುಂಗಿ ಉಟ್ಟ ಒಬ್ಬಾತ ಬಂದು ವಾಲ್ವ್ ತಿರುಗಿಸಿ, “ಆಂಟಿ, ಅದು ನಮ್ಮ ಸಂಪು, ತುಂಬಿ ಹರೀತಿತ್ತು” ಅಂದ. ಸಂಜೆ ಹೊತ್ತಿಗೆ ನೆಲ ಒಣಗಿತ್ತು. ಅಂದಿನಿಂದ ಕಚೇರಿಯಲ್ಲಿ ನಾನು ಸಂಪ್ ಮೇಡಂ. ನನ್ನ ಹೆಸರು ಪದ್ಮಾವತಿ ಅಂತ ಹೊಸಬರಿಗೆ ಗೊತ್ತೇ ಇರಲಿಲ್ಲ.

ಮೊದಲೆಲ್ಲ ನಾವು ಬರೆಯುತ್ತಿದ್ದದ್ದು ಒಂದೇ ಮಾತು, ಸುಸ್ಥಿತಿ ಅಥವಾ ದುರಸ್ತಿ ಬೇಕು. ಆಮೇಲೆ ಪದ್ಧತಿ ಬದಲಾಯಿತು. ಪ್ರತಿ ಏರಿಗೂ ಎರಡು ದರ್ಜೆ ಕೊಡಬೇಕು. ಒಂದು, ಏರಿ ಹೇಗಿದೆ. ಇನ್ನೊಂದು, ಒಡೆದರೆ ಯಾರಿಗೆ ಅಪಾಯ. ಈ ಎರಡನೆಯದನ್ನು ಜನರಿಗೆ ತಿಳಿಸಿ ಹೇಳುವುದರಲ್ಲೇ ನನ್ನ ಅರ್ಧ ಉಸಿರು ಹೋಗಿದೆ. ಏರಿ ಕಲ್ಲಿನ ಹಾಗೆ ಗಟ್ಟಿಯಾಗಿರಬಹುದು. ಆದರೆ ಅದರ ಕೆಳಗೆ ಮನೆಗಳಿದ್ದರೆ ಅಪಾಯದ ದರ್ಜೆ ಹೆಚ್ಚೇ. ಒಡೆದು ಬೀಳುವ ಹಾಗಿದ್ದರೂ ಕೆಳಗೆ ಬರೀ ಹೊಲವಿದ್ದರೆ ದರ್ಜೆ ಕಡಿಮೆ.

ಜೆ.ಪಿ.ನಗರದಿಂದ ಆಚೆ, ಸಾರಕ್ಕಿ ಕಡೆಯಿಂದ ಬಸ್ಸಿನಲ್ಲಿ ಹೋಗುವ ದಾರಿಯಲ್ಲಿ ಒಂದು ಕೆರೆ ಇದೆ. ಚಿಕ್ಕಗೌಡನ ಕೆರೆ ಅಂತ ಇಟ್ಟುಕೊಳ್ಳಿ, ನಿಜವಾದ ಹೆಸರು ಬೇಡ. ನಾನು ಮೊದಲು ನೋಡಿದಾಗ ಏರಿಯ ಕೆಳಗೆ ಸೊಪ್ಪಿನ ಮಡಿಗಳಿದ್ದವು. ನೋಡನೋಡುತ್ತಾ ಮಡಿ ಹೋಗಿ ಶೀಟಿನ ಮನೆ ಬಂತು, ಶೀಟು ಹೋಗಿ ತಾರಸಿ ಬಂತು. ಒಂದು ಪೂರ್ತಿ ಬೀದಿಯೇ ಏರಿಯ ಬುಡಕ್ಕೆ ಒರಗಿಕೊಂಡು ಎದ್ದಿತು. ಎಲ್ಲರೂ ಅದನ್ನು ಕೆಳಗಿನ ಬೀದಿ ಅನ್ನುತ್ತಿದ್ದರು. ಕೆರೆಗೆ ನೀರಾವರಿ ಕೆಲಸ ಹೋಗಿ ಮನರಂಜನೆ ಕೆಲಸ ಬಂತು. ಹಂಸದ ಆಕಾರದ ಪೆಡಲ್ ಬೋಟು, ಸಿಮೆಂಟಿನ ಆನೆ, ವಾಕಿಂಗಿಗೆ ಬಣ್ಣದ ಇಟ್ಟಿಗೆ.

ನಾನು ಆ ಏರಿಯ ಅಪಾಯದ ದರ್ಜೆಯನ್ನು ಹೆಚ್ಚು ಅಂತ ಬದಲಿಸಿದಾಗ ಅಲ್ಲಿನ ನಿವಾಸಿಗಳ ಸಂಘದವರು ಮೀಟಿಂಗ್ ಕರೆದರು. ಏರಿಯಲ್ಲಿ ಒಂದು ಬಿರುಕಿಲ್ಲ, ಹೆಂಗೆ ಬರೀತೀರ ಅಂತ ಕೂಗಾಡಿದರು. ನಿಮ್ಮ ಕಾಗದ ನೋಡಿ ನಮ್ಮ ಹುಡುಗಿಗೆ ಬಂದ ಸಂಬಂಧವೇ ಹಿಂದೆ ಹೋಗುತ್ತೆ ಅಂತ ಒಬ್ಬ ಅಂಕಲ್ ನಿಜಕ್ಕೂ ಕಣ್ಣಲ್ಲಿ ನೀರು ತಂದುಕೊಂಡರು. ನಾನು ಏರಿಯನ್ನು ಬೈದು ಬರೆದದ್ದಲ್ಲ ಸಾರ್, ಕೆಳಗೆ ನೀವಿದ್ದೀರಿ ಅಂತ ಬರೆದದ್ದು ಅಂದೆ. ಅದು ಅವರಿಗೆ ಹಿಡಿಸಲಿಲ್ಲ. ಬೋಟಿನ ಗುತ್ತಿಗೆದಾರ ಜಗ್ಗಣ್ಣನಿಗೂ ಹಿಡಿಸಲಿಲ್ಲ. ಅವನು ಅದೇ ಊರಿನವನು, ತಾತನ ಕಾಲದಲ್ಲಿ ಅದೇ ಕೆರೆಯ ನೀರಿನಲ್ಲಿ ರಾಗಿ ಬೆಳೆದ ಮನೆ, ಈಗ ಬಾಡಿಗೆ ಮನೆಗಳು. ಹೆಚ್ಚಾದ ನೀರು ಹೊರಗೆ ಹರಿದು ಹೋಗುವ ಕೋಡಿಗೆ ಪ್ರತಿ ವರ್ಷ ಮರಳು ಮೂಟೆ ಅಡ್ಡ ಇಡುತ್ತಿದ್ದ, ನೀರು ತುಂಬಿ ನಿಲ್ಲಲಿ ಅಂತ. ನಾನು ತೆಗೆಸುತ್ತಿದ್ದೆ, ಮತ್ತೆ ಇಡುತ್ತಿದ್ದ. “ನೀರಿಲ್ದೆ ಬೋಟು ಹೆಂಗೆ ಓಡ್ಸಲಿ ಮೇಡಂ, ಟೈರ್ ಹಾಕ್ಲಾ?” ಅನ್ನುತ್ತಿದ್ದ. ಒಳ್ಳೆಯವನೇ. ಪ್ರತಿ ಸಲ ಎಳನೀರು ಕೊಡಿಸುತ್ತಿದ್ದ, ನಾನು ಕುಡಿಯುತ್ತಿರಲಿಲ್ಲ.

ಆ ಏರಿಯ ಬೆನ್ನಿನ ಮೇಲೆ, ಬುಡದಿಂದ ಸ್ವಲ್ಪ ಮೇಲಕ್ಕೆ, ಒಂದು ಗಂಗಮ್ಮನ ಗುಡಿ ಇತ್ತು. ಗುಡಿ ಹುಟ್ಟಿದ್ದೇ ನೀರಿನಿಂದ. ಯಾವುದೋ ಬೇಸಿಗೆಯಲ್ಲಿ, ಬಾವಿಗಳೆಲ್ಲ ಒಣಗಿದಾಗ, ಅಲ್ಲಿ ನೆಲದಿಂದ ನೀರು ಜಿನುಗುತ್ತಿದ್ದದ್ದನ್ನು ಊರಿನ ಒಬ್ಬ ಹೆಂಗಸು ಕಂಡು ಕಲ್ಲಿಟ್ಟು ಅರಿಶಿನ ಕುಂಕುಮ ಹಚ್ಚಿದಳಂತೆ. ಆಕೆಯ ಸೊಸೆ ಮುನಿಯಮ್ಮ. ನನಗಿಂತ ದೊಡ್ಡವರು, ಕೆಳಗಿನ ಬೀದಿಯಲ್ಲೇ ಮನೆ, ಗುಡಿ ಗುಡಿಸಿ ರಂಗೋಲಿ ಹಾಕುವುದು ಅವರದೇ. ಬರಬರುತ್ತಾ ಭಕ್ತರು ಗ್ರಾನೈಟು ಹಾಸಿದರು, ಟೈಲ್ಸ್ ಅಂಟಿಸಿದರು, ನೀರು ಬರುವ ಕಡೆ ಹಿತ್ತಾಳೆಯ ಗೋಮುಖ ಕೂರಿಸಿ ಸುತ್ತ ಸಿಮೆಂಟು ಮೆತ್ತಿದರು. ಆ ನೀರೇ ತೀರ್ಥ.

ನಮ್ಮ ಲೆಕ್ಕದಲ್ಲಿ ಅದು ಏರಿಯ ಬೆವರು. ನನಗೆ ಎರಡೂ ಹೌದು. ತಪಾಸಣೆಗೆ ಹೋದಾಗಲೆಲ್ಲ ಚಪ್ಪಲಿ ಬಿಟ್ಟು, ಕೈಯೊಡ್ಡಿ ತೀರ್ಥ ತೆಗೆದುಕೊಳ್ಳುತ್ತಿದ್ದೆ. ತಿಳಿನೀರು, ಅಂಗೈ ಗೆರೆ ಕಾಣುವಷ್ಟು ತಿಳಿ. ಸಿಮೆಂಟು ಮೆತ್ತಬೇಡಿ, ನೀರಿಗೆ ದಾರಿ ಬಿಡಿ, ಇಲ್ಲದಿದ್ದರೆ ಅದು ಒಳಗೇ ಬೇರೆ ದಾರಿ ಹುಡುಕುತ್ತೆ ಅಂತ ಬಾಯಲ್ಲೂ ಹೇಳಿದೆ, ಕಾಗದದಲ್ಲೂ ಹೇಳಿದೆ. ದೇವರ ಜಾಗಕ್ಕೆ ಕೈ ಹಾಕಲು ಕಚೇರಿಯಲ್ಲಿ ಯಾರಿಗೂ ಮನಸ್ಸಿರಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಇರಲಿಲ್ಲ.

ನನ್ನ ನಿವೃತ್ತಿಗೆ ಹತ್ತಿರದ ವರ್ಷದ ಆಷಾಢ. ಶುಕ್ರವಾರ. ಮುಂದಿನ ವಾರ ದೊಡ್ಡವರೊಬ್ಬರು ಬಂದು ತುಂಬಿದ ಕೆರೆಗೆ ಬಾಗಿನ ಬಿಟ್ಟು, ಹೊಸ ಬೋಟುಗಳನ್ನು ಉದ್ಘಾಟಿಸುವವರಿದ್ದರು. ಅದಕ್ಕೆ ಮೊದಲು ಎಲ್ಲ ಸರಿಯಾಗಿದೆ ಅಂತ ನಾನು ನೋಡಿ ಸಹಿ ಹಾಕಬೇಕಿತ್ತು. ಮಳೆ ಬಿಟ್ಟು ಬಿಟ್ಟು ಹಿಡಿದಿತ್ತು. ಕೋಡಿಯ ಮೂಟೆಗಳ ಮೇಲೆ ಹುಲ್ಲು ಬೆಳೆದಿತ್ತು, ನೀರು ನಾನು ಎಂದೂ ನೋಡದಷ್ಟು ಮೇಲೆ ನಿಂತಿತ್ತು. ಗುಡಿಯ ಮುಂದೆ ಹೆಂಗಸರ ಸಾಲು. ನಾನೂ ನಿಂತೆ. ಮುನಿಯಮ್ಮ ಉದ್ಧರಣೆಯಿಂದ ತೀರ್ಥ ಹಾಕಿದರು. ಕುಡಿದೆ. ಹಲ್ಲಿಗೆ ಏನೋ ಕರಕ್ ಅಂತು.

ಸರಿಯಾಗಿ ಆರಿಸದ ಅಕ್ಕಿಯ ಅನ್ನ ತಿಂದಾಗ ಆಗುವ ಹಾಗೆ. ತೀರ್ಥ ಉಗುಳುವ ಹಾಗಿಲ್ಲ. ನುಂಗಿದೆ. ಅಂಗೈ ನೋಡಿಕೊಂಡರೆ ಗೆರೆಗಳಲ್ಲಿ ಕೆಂಪಗೆ, ಕುಂಕುಮದ ಹುಡಿಯಷ್ಟು ನುಣ್ಣಗೆ, ಮಣ್ಣು ಕೂತಿತ್ತು. ಕುಂಕುಮವೇ ಬಿದ್ದಿರಬಹುದು ಅಂತ ಮನಸ್ಸು ಹೇಳಿತು. ಇನ್ನೊಂದು ಸಲ ಕೈಯೊಡ್ಡಿದೆ. ಇನ್ನೊಂದು ಸಲವೂ ಬಂತು. ನನ್ನ ನೀರಿನ ಬಾಟಲಿ ಖಾಲಿ ಮಾಡಿ ನೇರ ಗೋಮುಖದ ಕೆಳಗೆ ಹಿಡಿದೆ. ಮುನಿಯಮ್ಮ, ಮನೆಗೆ ತಗೊಂಡು ಹೋಗು ತಾಯಿ, ಒಳ್ಳೇದಾಗುತ್ತೆ ಅಂದರು. ಬಾಟಲಿಯ ಮುಚ್ಚಳ ಬಿಗಿ ಮಾಡಿದೆ. ಅವರ ಬೆನ್ನ ಹಿಂದೆ ಕೆಳಗಿನ ಬೀದಿ ಕಾಣುತ್ತಿತ್ತು. ತಾರಸಿ ಮೇಲೆ ಒಣಹಾಕಿದ ಬಟ್ಟೆ, ಬಾಗಿಲ ಮುಂದೆ ಕೂತು ಸೊಪ್ಪು ಬಿಡಿಸುತ್ತಿದ್ದ ಹೆಂಗಸರು. ಏರಿ ಹೋದರೆ ಅವರಿಗೆ ಎದ್ದು ನಿಲ್ಲುವಷ್ಟೂ ಸಮಯ ಸಿಗುತ್ತಿರಲಿಲ್ಲ.

ಆಗಿನ ನಮ್ಮ ಸಾಹೇಬರು ಮಹಾದೇವಪ್ಪನವರು. ಬಾಟಲಿಯನ್ನು ಅವರ ಮೇಜಿನ ಮೇಲಿಟ್ಟೆ. ಬಸ್ಸಿನಲ್ಲಿ ಬರುವಷ್ಟರಲ್ಲಿ ಕುಲುಕಾಡಿ ನೀರು ಚಹಾದ ಬಣ್ಣಕ್ಕೆ ತಿರುಗಿತ್ತು. ಅವರು ನಕ್ಕರು.

“ಇದು ಯಾರ ಮನೆ ಸಂಪಿಂದ ಮೇಡಂ?”

“ಸಂಪಾಗಿದ್ದರೆ ಗಣಪತಿಗೆ ಕಾಯಿ ಒಡೀತೀನಿ ಸಾರ್. ಆಗಿಲ್ಲ ಅಂದ್ರೆ ನಾವೇನು ಮಾಡೋಣ, ನೀವೇ ಹೇಳಿ.”

ಅವರು ನಗು ನಿಲ್ಲಿಸಿದರು. ಇಬ್ಬರೂ ಬಾಟಲಿ ನೋಡುತ್ತಾ ಕೂತೆವು. ನಿಧಾನಕ್ಕೆ ನೀರು ತಿಳಿಯಾಗುತ್ತಾ ಬಂತು, ತಳದಲ್ಲಿ ಕೆಂಪು ಮಣ್ಣು ಬೆರಳು ಗಾತ್ರ ನಿಂತಿತು. ಏರಿಯ ಹೊಟ್ಟೆಯೊಳಗೆ ಹಿಂದಿನವರು ತುಂಬಿದ್ದ ಅದೇ ಜೇಡಿ. ಮಹಾದೇವಪ್ಪನವರು ಹೆದರುಪುಕ್ಕಲ ಅಂತ ಕಚೇರಿಯಲ್ಲಿ ಮಾತಿತ್ತು. ನಾನೂ ಹಾಗೇ ಅಂದುಕೊಂಡಿದ್ದೆ. ಅವರು ಫೋನು ತೆಗೆದು ಬಾಗಿನದ ಕಾರ್ಯಕ್ರಮ ಮುಂದಕ್ಕೆ ಹಾಕಬೇಕು ಅಂತ ಹೇಳಿದರು. ಆ ಕಡೆಯಿಂದ ಏನು ಬೈಗುಳ ಬಂತೋ, ಕಿವಿ ಕೆಂಪಾಯಿತು. ಫೋನಿಟ್ಟು, “ತಪ್ಪಾದರೆ ನಾವಿಬ್ರೂ ಸಂಪ್ ಮೇಡಂ, ಸಂಪ್ ಸಾರ್. ನಡೀರಿ” ಅಂದರು. ಅವತ್ತಿನಿಂದ ಆ ಮನುಷ್ಯನ ಹೆಸರಿನಲ್ಲಿ ವರ್ಷಕ್ಕೊಮ್ಮೆ ಅರ್ಚನೆ ಮಾಡಿಸುತ್ತೇನೆ, ಅವರಿಗೆ ಗೊತ್ತಿಲ್ಲ.

ಇಲ್ಲಿ ಹೊಸಬರು ತಿಳಿಯಬೇಕಾದದ್ದು ಇದೆ. ನೀರು ಇಳಿಸಬೇಕು, ಆದರೆ ಒಂದೇ ಸಮನೆ ಇಳಿಸುವ ಹಾಗಿಲ್ಲ. ನೆನೆದ ಏರಿಯ ಮುಂಭಾಗಕ್ಕೆ ನೀರಿನ ಆಸರೆ ಇರುತ್ತದೆ, ಅದನ್ನು ದಿಢೀರನೆ ತೆಗೆದರೆ ಮುಂಭಾಗ ಜಾರುತ್ತದೆ. ನಿಧಾನ ಮಾಡಿದರೆ ಹಿಂಭಾಗ ಕೊರೆದುಕೊಂಡು ಹೋಗುತ್ತದೆ. ಏರಿಯಡಿಯಿಂದ ನೀರು ಬಿಡುವ ಹಳೆಯ ತೂಬು ತೆಗೆದರೆ ಹದವಾಗಿ ಇಳಿಸಬಹುದಿತ್ತು. ಬೋಟಿನ ಮೆಟ್ಟಿಲು ಕಟ್ಟುವಾಗ ಅದರ ಮೇಲೆ ಕಾಂಕ್ರೀಟು ಸುರಿದಿದ್ದರು. ಉಳಿದದ್ದು ಕೋಡಿಯ ಮೂಟೆ ತೆಗೆಯುವುದು, ಪಂಪು ಹಾಕುವುದು. ಮೂಟೆ ತೆಗೆಯಲು ಜಗ್ಗಣ್ಣನೇ ಮೊದಲು ಇಳಿದ. ಅವನಿಗೆ ಬಾಟಲಿ ತೋರಿಸಿದ್ದೆ, ಅಷ್ಟೇ. ಅವನ ಅಕ್ಕನ ಮನೆ ಕೆಳಗಿನ ಬೀದಿಯಲ್ಲೇ ಇತ್ತು.

ಆದರೆ ಅದು ಸಾಲದು. ಮಣ್ಣು ಹೊರಗೆ ಹೋಗುವ ಬಾಯಿ ಗುಡಿಯ ಕೆಳಗಿತ್ತು. ಗ್ರಾನೈಟು ಕಿತ್ತು, ಆ ಬಾಯಿಗೆ ಮೊದಲು ಮರಳು, ಮೇಲೆ ಸಣ್ಣ ಜಲ್ಲಿ, ಅದರ ಮೇಲೆ ದಪ್ಪ ಕಲ್ಲು ಸುರಿಯಬೇಕು. ನೀರು ಸೋಸಿ ಬರಲಿ, ಮಣ್ಣು ಒಳಗೇ ನಿಲ್ಲಲಿ ಅಂತ. ಕಾಫಿ ಸೋಸುವ ಬಟ್ಟೆಯ ಕೆಲಸವೇ. ಮುಚ್ಚಬಾರದು, ಸೋಸಬೇಕು. ಅದಕ್ಕೆ ಗಂಗಮ್ಮ ಅಲ್ಲಿಂದ ಏಳಬೇಕು.

ಮಾರನೆಯ ದಿನ ನಾವು ಜೆಸಿಬಿ ತಂದರೆ ಮುನಿಯಮ್ಮ ಗುಡಿಯ ಮುಂದೆ ಕಾಲು ಚಾಚಿ ಕೂತರು. ಆಷಾಢದಲ್ಲಿ ದೇವರನ್ನು ಅಲ್ಲಾಡಿಸುವ ಹಾಗಿಲ್ಲ, ಶ್ರಾವಣ ಬರಲಿ, ಒಳ್ಳೆ ದಿನ ನೋಡಿ ಮಾಡೋಣ ಅಂದರು. ಅವರ ಹಿಂದೆ ಬೀದಿಯ ಹೆಂಗಸರೆಲ್ಲ ಬಂದು ಕೂತರು. ಪೊಲೀಸರನ್ನು ಕರೆಸಲಾ ಅಂತ ಸಾಹೇಬರು ನನ್ನ ಕಿವಿಯಲ್ಲಿ ಕೇಳಿದರು. ಬೇಡ ಸಾರ್ ಅಂದೆ. ಆಷಾಢದಲ್ಲಿ ಮನೆ ಬದಲಾಯಿಸದ, ಹೊಸ ಸೀರೆ ಮಡಿಕೆ ಬಿಚ್ಚದ ಹೆಂಗಸು ನಾನು. ಅವರ ಮಾತು ನನಗೆ ಮೂಢನಂಬಿಕೆ ಅನ್ನಿಸಲಿಲ್ಲ. ನನ್ನದೇ ಬಾಯಿಂದ ಬಂದ ಹಾಗಿತ್ತು. ಅದೇ ಕಷ್ಟ. ಅಷ್ಟರಲ್ಲಿ ಮತ್ತೆ ಮಳೆ ಶುರುವಾಯಿತು. ಗೋಮುಖದಿಂದ ಬರುವ ನೀರು ಈಗ ಯಾರಿಗೂ ತೋರಿಸಬೇಕಾಗಿರಲಿಲ್ಲ, ರಾಗಿ ಅಂಬಲಿಯ ಹಾಗಿತ್ತು.

“ಗಂಗಮ್ಮ ನನ್ನ ಮುಳುಗಿಸ್ತಾಳಾ?” ಅಂತ ಮುನಿಯಮ್ಮ ಕೇಳಿದರು. “ಹೇಳು, ನೀನೂ ಕೈಮುಗೀತೀಯಲ್ಲ.”

ನಾನು ಅವರ ಪಕ್ಕ ನೆಲದ ಮೇಲೆ ಕೂತೆ. “ಅವಳೇ ಮಣ್ಣು ಬಾಯಿಗೆ ಹಾಕಿ ಹೇಳ್ತಿದ್ದಾಳೆ ಅಮ್ಮ, ನನ್ನ ಎಬ್ಬಿಸಿ ಅಂತ. ನನಗೆ ಹಾಗೇ ಕೇಳಿಸ್ತು.”

“ನಿನಗೊಬ್ಬಳಿಗೇ ಕೇಳಿಸ್ತಾ? ದಿನಾ ಗುಡಿಸೋಳು ನಾನು.”



ಗುಡಿಯ ಪೂಜಾರಿ ನಾರಾಯಣಪ್ಪ ಸಾರಕ್ಕಿ ಸಂತೆಯಲ್ಲಿದ್ದವರು ಸ್ಕೂಟರಿನಲ್ಲಿ ನೆನೆದುಕೊಂಡು ಬಂದರು. ನೀರು ನೋಡಿದರು. ಏರಿ ನೋಡಿದರು. ಮುನಿಯಮ್ಮನಿಗೆ ಅವರು ಸಂಬಂಧದಲ್ಲಿ ಮೈದುನ, ಅದಕ್ಕೇ ಸಲಿಗೆ. “ಅತ್ತಿಗೆ, ಮನೆಗೆ ಬೆಂಕಿ ಬಿದ್ದಾಗ ದೇವರ ಪಟ ಎತ್ಕೊಂಡು ಓಡ್ತೀವಲ್ಲ, ಆಗ ಪಂಚಾಂಗ ತೆಗೀತೀವಾ?” ಅಂದರು. ಮುನಿಯಮ್ಮ ಮುಖ ತಿರುಗಿಸಿದರು. ನಾರಾಯಣಪ್ಪ ಕಾಯಲಿಲ್ಲ. ಕಲಶ ತರಿಸಿದರು. ವಿಗ್ರಹದಲ್ಲಿರುವ ದೇವಿಯ ಶಕ್ತಿಯನ್ನು ಕಲಶದ ನೀರಿಗೆ ಇಳಿಸುವ ಒಂದು ವಿಧಿ ಇದೆ, ಕಳಾಕರ್ಷಣೆ ಅಂತ. ಆಮೇಲೆ ಕಲ್ಲು ಕಲ್ಲಷ್ಟೆ, ಕದಲಿಸಬಹುದು. ಸುರಿಯುವ ಮಳೆಯಲ್ಲಿ ಅವರ ತಲೆ ಮೇಲೆ ನಾನು ಕೊಡೆ ಹಿಡಿದೆ. ಜೆಸಿಬಿ ಎಂಜಿನ್ ಆರಿಸಿ ನಿಂತಿತ್ತು. ಅವರು ಮಂತ್ರವನ್ನು ಒಂದಕ್ಷರ ಬಿಡದೆ ಹೇಳುತ್ತಿದ್ದರು. ನನ್ನ ಕಣ್ಣು ಮಾತ್ರ ಪಾಪಿ, ಗೋಮುಖ ಬಿಟ್ಟು ಕದಲಲಿಲ್ಲ.

ಮುಗಿದ ಮೇಲೆ ಅವರು ಕಲಶ ಎತ್ತಿ, ಯಾರನ್ನೂ ಕೇಳದೆ, ಮುನಿಯಮ್ಮನ ತಲೆ ಮೇಲೆ ಇಟ್ಟರು.

“ಇನ್ನು ತಾಯಿ ಇಲ್ಲಿಲ್ಲ. ನಿನ್ನ ತಲೆ ಮೇಲಿದ್ದಾಳೆ. ಮೇಲಿನ ಕಲ್ಯಾಣ ಮಂಟಪದಲ್ಲಿ ಇಳಿಸ್ಬೇಕು. ನಡುವೆ ಎಲ್ಲೂ ನಿಲ್ಲೋ ಹಾಗಿಲ್ಲ.”

ನಾವು ಬೆಳಿಗ್ಗೆಯಿಂದ ಆ ಬೀದಿಯವರನ್ನು ಅದೇ ಮಂಟಪಕ್ಕೆ ಹೋಗಿ ಅಂತ ಮೈಕಿನಲ್ಲಿ ಬೇಡಿಕೊಂಡಿದ್ದೆವು. ನಾಲ್ಕು ಮನೆಯವರು ಹೋಗಿದ್ದರೆ ಹೆಚ್ಚು. ಈಗ ಮುನಿಯಮ್ಮ ಎದ್ದರು. ಕಲಶ ಹೊತ್ತವರು ಹಿಂದೆ ತಿರುಗಿ ನೋಡಬಾರದು, ನೋಡಲಿಲ್ಲ. ಕೂತಿದ್ದ ಹೆಂಗಸರು ಎದ್ದು ಹಿಂದೆ ಹೊರಟರು. ಬೀದಿಯೊಳಗಿಂದ ಹೋಗುವಾಗ ಮನೆಮನೆಯಿಂದ ಜನ ಬಂದು ಸೇರಿಕೊಂಡರು. ದೇವಿ ಹೊರಟ ಮೇಲೆ ಮನೆಯಲ್ಲಿ ಕೂರುವುದು ಹೇಗೆ? ಒಬ್ಬಳು ಕಂಕುಳಲ್ಲಿ ಮಗು, ಕೈಯಲ್ಲಿ ಮಿಕ್ಸಿ. ಒಬ್ಬ ಅತ್ತೆಯನ್ನು ಬೆನ್ನ ಮೇಲೆ ಹೊತ್ತಿದ್ದ. ಜಗ್ಗಣ್ಣ ಅಕ್ಕನ ಮನೆಯ ಸಿಲಿಂಡರ್ ಹೊತ್ತಿದ್ದ. ಅದನ್ಯಾಕೋ ಹೊತ್ತೆ ಅಂತ ಅಕ್ಕ ದಾರಿಯುದ್ದಕ್ಕೂ ಬೈಯುತ್ತಿದ್ದಳು. ಮೈಕಿನಿಂದ ಆಗದ್ದು ಒಂದು ಕಲಶದಿಂದ ಆಯಿತು.

ಬೀದಿ ಖಾಲಿಯಾದ ಮೇಲೆ ಗ್ರಾನೈಟು ಎತ್ತಿಸಿದೆವು. ಮೊದಲ ಚಪ್ಪಡಿ ಎದ್ದದ್ದೇ ನೀರು ತೋಳು ಗಾತ್ರ ಹಾರಿತು. ಜೆಸಿಬಿಯ ಹುಡುಗ ಗಾಡಿ ಹಿಂದಕ್ಕೆ ತೆಗೆದುಕೊಂಡುಬಿಟ್ಟ. ಸಾಹೇಬರು ಪ್ಯಾಂಟು ಮಡಚಿ ಅದರ ಮುಂದೆ ಹೋಗಿ ನಿಂತು, ಬಾ ಗುರು, ನಾನೇ ನಿಂತಿದ್ದೀನಲ್ಲ ಅಂದರು. ಬಂದ. ಮರಳು ಸುರಿದರೆ ನೀರು ಎತ್ತಿ ಎಸೆಯುತ್ತಿತ್ತು. ಮೊದಲು ಜಲ್ಲಿ ಸುರಿದು ರಭಸ ಮುರಿಯಿರಿ ಅಂದೆ. ಜಲ್ಲಿ, ಅದರ ಮೇಲೆ ಮರಳು, ಮತ್ತೆ ಜಲ್ಲಿ, ಮೇಲೆ ಕಲ್ಲು. ಆಮೇಲೆ ಕಾಯುವ ಕೆಲಸ. ಒಂದು ಗಾಜಿನ ಲೋಟದಲ್ಲಿ ಬುಡದ ನೀರು ಹಿಡಿದು ಬೆಳಕಿಗೆ ಎತ್ತಿ ನೋಡುವುದು, ಚೆಲ್ಲುವುದು, ಮತ್ತೆ ಹಿಡಿಯುವುದು. ಕೆಂಪು. ಕೆಂಪು. ಬಾಯಲ್ಲಿ ಲಲಿತಾ ಸಹಸ್ರನಾಮ ಹೇಳಿಕೊಳ್ಳುತ್ತಿದ್ದೆ, ಎಲ್ಲಿ ನಿಲ್ಲಿಸಿದೆನೋ ಎಲ್ಲಿಂದ ಹಿಡಿದೆನೋ ಆ ತಾಯಿಗೇ ಗೊತ್ತು. ಮೇಲೆ ಪಂಪುಗಳ ಸದ್ದು. ಕೋಡಿಯಲ್ಲಿ ನೀರು ದುಮುಕುವ ಸದ್ದು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಏರಿಯ ಮೇಲಿನಿಂದ ಕಾವಲಿನವನು ಕೂಗಿದ. ವಾಕಿಂಗ್ ದಾರಿಯ ಇಟ್ಟಿಗೆಗಳು ಒಳಗೆ ಹೋಗಿದ್ದವು. ಒಂದು ಕಲ್ಲಿನ ಬೆಂಚು ಅರ್ಧ ಮಣ್ಣೊಳಗೆ ಇಳಿದು ಓರೆಯಾಗಿ ನಿಂತಿತ್ತು. ಒಳಗೆ ಕೊರೆದ ದಾರಿ ಮೇಲಿಂದ ಕುಸಿದಿತ್ತು. ಹಿಂದಿನ ದಿನದಷ್ಟು ನೀರಿದ್ದಿದ್ದರೆ ಆ ತಗ್ಗಿನಿಂದಲೇ ಹರಿದು ಏರಿಯನ್ನು ಸೀಳುತ್ತಿತ್ತು. ನೀರು ಆ ತಗ್ಗಿಗಿಂತ ಒಂದು ಮೊಳ ಕೆಳಗಿತ್ತು, ಅಷ್ಟೇ. ಆ ಒಂದು ಮೊಳವನ್ನು ನಾನು ದಿನಾ ನೆನೆಸಿಕೊಳ್ಳುತ್ತೇನೆ. ಮೂಟೆ ತುಂಬಿಸಿ ತಗ್ಗು ಕಟ್ಟಿದೆವು. ಕೆಳಗೆ ಬಂದು ಲೋಟ ಹಿಡಿದೆ. ಬೆಳಕಿಗೆ ಎತ್ತಿದೆ. ಲೋಟದ ಆಚೆ ಸಾಹೇಬರ ಮುಖ ಕಂಡಿತು, ಕೊಂಚ ಮಸುಕಾಗಿ. ಮುಂದಿನ ಲೋಟದಲ್ಲಿ ಅವರ ಕನ್ನಡಕದ ಕಡ್ಡಿಯೂ ಕಂಡಿತು. ಆಗ ನಾನು ಒದ್ದೆ ನೆಲದಲ್ಲೇ ಕೂತುಬಿಟ್ಟೆ.

ಕೆರೆ ಇಳಿದ ಮೇಲೆ ಏರಿ ಬಗೆದು ನೋಡಿದರು, ಒಳಗೆ ಮಗು ತೆವಳಿ ಹೋಗುವಷ್ಟು ಪೊಳ್ಳಿತ್ತು. ಹೊಸ ಜೇಡಿ ಹಾಕಿ ಕಟ್ಟಿದರು, ತೂಬು ಬಿಡಿಸಿದರು, ಕೋಡಿ ಅಗಲ ಮಾಡಿದರು. ಏರಿಯ ಸ್ಥಿತಿಯ ದರ್ಜೆ ಉತ್ತಮ ಅಂತಾಯಿತು. ಅಪಾಯದ ದರ್ಜೆ ಹೆಚ್ಚು ಅಂತಲೇ ಉಳಿಯಿತು, ಬೀದಿ ಅಲ್ಲೇ ಇದೆಯಲ್ಲ. ಸಂಘದವರು ಈಗಲೂ ಅದನ್ನು ಅಳಿಸಿ ಅಂತ ಅರ್ಜಿ ಕೊಡುತ್ತಾರಂತೆ. ಕೊಡಲಿ.

ಗಂಗಮ್ಮನ ಗುಡಿಯನ್ನು ಏರಿಯಿಂದ ದೂರ, ಗಟ್ಟಿ ನೆಲದ ಮೇಲೆ ಕಟ್ಟಿಕೊಟ್ಟೆವು. ಚೆನ್ನಾಗಿದೆ. ಆದರೆ ಅಲ್ಲಿ ನೀರು ಜಿನುಗುವುದಿಲ್ಲ. ಗೋಮುಖಕ್ಕೆ ನಲ್ಲಿ ನೀರು ಕೊಟ್ಟಿದ್ದಾರೆ, ತಿರುಗಿಸಿದರೆ ಬರುತ್ತದೆ. ನಿವೃತ್ತಿಯಾದ ಮೇಲೆ ಒಂದು ಶುಕ್ರವಾರ ಹಣ್ಣು ಕಾಯಿ ಹಿಡಿದು ಹೋದೆ. ಮುನಿಯಮ್ಮ ಇದ್ದರು. ತೀರ್ಥ ಕೊಟ್ಟರು, ಕುಂಕುಮ ಕೊಟ್ಟರು, ಆಮೇಲೆ ಶುರು ಮಾಡಿದರು. ಗಂಗಮ್ಮ ಮಾತಾಡಿದಳು ಅಂದೆ ನೀನು, ಮಾತಾಡಿದವಳ ಬಾಯಿಗೇ ಜಲ್ಲಿ ತುಂಬಿಸಿದೆ. ನಮ್ಮತ್ತೆ ಕಂಡ ನೀರು, ನನ್ನ ಕಾಲಕ್ಕೆ ನಿಂತುಹೋಯ್ತು. ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಅವರ ಮೊಮ್ಮಗಳು ಮಡಿಲಲ್ಲಿ ಕೂತು ನಾನು ತಂದ ಬಾಳೆಹಣ್ಣು ತಿನ್ನುತ್ತಿದ್ದಳು.

ಬೈದು ಬೈದು ಸುಸ್ತಾದ ಮೇಲೆ ಅವರು ಏರಿಯ ಕಡೆ ನೋಡಿದರು. “ನೀನು ರಿಟೈರ್ ಆದೆಯಂತೆ. ಇನ್ಮೇಲೆ ಹಿಂದುಗಡೆ ಇಳಿದು ನೋಡೋರು ಯಾರು?”

ಬರ್ತಾರಮ್ಮ, ಹೊಸ ಹುಡುಗಿಯರು ಬಂದಿದ್ದಾರೆ ಅಂದೆ. ಬೇಳೆ ಬೆಂದಿದೆ, ಏಳಬೇಕು. ಮುನಿಯಮ್ಮನ ಮನೆ ಏರಿಯಿಂದ ಇಳಿದರೆ ಬಲಗಡೆ ಎರಡನೆಯದು, ಹಸಿರು ಬಾಗಿಲು. ಮೊದಲು ಏರಿಯ ಬೆನ್ನು ಪೂರ್ತಿ ನೋಡಿ, ಆಮೇಲೆ ಅವರ ಮನೆಗೆ ಹೋಗಿ, ನೋಡಿದೆವು ಅಂತ ಹೇಳಿ. ಬೈಯುತ್ತಾರೆ. ಬೈಸಿಕೊಳ್ಳಿ.